ಮರದ ಸೂರಿನ ಕೆಳಗೆ

ಒಂದು ನಾಡಿನ ಚರಿತ್ರೆಯನ್ನು ಕೋಟೆ, ಅರಮನೆ, ಶಾಸನಗಳಿಂದ ಓದುವುದು ವಾಡಿಕೆ. ಶಾಸನ ಬರೆಸಲಾರದ ಜನರೂ ಚರಿತ್ರೆಯೊಳಗೇ ಬಾಳಿದವರು. ಅವರನ್ನು ಅರಿಯಲು ಅವರ ಮನೆಯ ಸೂರನ್ನು ನೋಡಬೇಕೆಂಬುದು ನನ್ನ ನಂಬಿಕೆ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಸೂರಿನ ಸಂಗತಿಯನ್ನು.

ದಕ್ಷಿಣ ಕೊರಿಯದ ಪೂರ್ವ ಕರಾವಳಿಯ ಉದ್ದಕ್ಕೂ ತೆಬೆಕ್ ಪರ್ವತಶ್ರೇಣಿ ಹಬ್ಬಿದೆ. ಅದರ ಮಡಿಲಲ್ಲಿ, ಗಾಂಗ್ವೊನ್ ಪ್ರಾಂತದ ಸಾಮ್‌ಚೊಕ್ ಸೀಮೆಗೆ ಸೇರಿದ ಸಿನ್‌ರಿ ಎಂಬುದೊಂದು ಸಣ್ಣ ಹಳ್ಳಿ. ಬಯಲುನಾಡಿನ ರೈತರು ಮನೆಗೆ ಭತ್ತದ ಹುಲ್ಲು ಹೊದಿಸುತ್ತಿದ್ದರು. ಗದ್ದೆಯೇ ಅಪರೂಪವಾದ ಬೆಟ್ಟದಲ್ಲಿ ಹುಲ್ಲೆಲ್ಲಿಂದ ಬರಬೇಕು? ಇಲ್ಲಿ ಪೈನ್ ಮರದ ಹಲಗೆಗಳೇ ಹೊದಿಕೆಯಾದವು. ಇವನ್ನು 'ನೊವಾ' ಎನ್ನುತ್ತಾರೆ. ಗರಗಸದಿಂದ ಕೊಯ್ಯದೆ ಕೊಡಲಿಯಿಂದ ಸೀಳುವುದರಿಂದ ಮರದ ಎಳೆ ಕಡಿಯುವುದಿಲ್ಲ. ಮಳೆಯ ನೀರು ಎಳೆಗುಂಟ ಜಾರಿಹೋಗುತ್ತದೆ. ಒಣಹವೆಯಲ್ಲಿ ಹಲಗೆ ಕುಗ್ಗಿ, ಸಂದುಗಳಿಂದ ಒಲೆಯ ಹೊಗೆ ಹೊರಹೋಗುತ್ತದೆ. ಮಳೆಗೆ ನೆನೆದಾಗ ಹಿಗ್ಗಿ ಸಂದು ಮುಚ್ಚುತ್ತದೆ. ಗಾಳಿಗೆ ಹಾರದಿರಲೆಂದು ಮೇಲೆ ಕಲ್ಲು ಹೇರುತ್ತಿದ್ದರು.

ಚಳಿಗೂ ಕಾಡುಮೃಗಗಳಿಗೂ ಅಂಜಿ ದನದ ಕೊಟ್ಟಿಗೆಯನ್ನೂ ಅದೇ ಸೂರಿನಡಿ ಸೇರಿಸುತ್ತಿದ್ದರು. ಕೋಣೆಯ ಮೂಲೆಯಲ್ಲೊಂದು ಮಣ್ಣಿನ ಗೂಡು. ಅದರಲ್ಲಿ ಉರಿಯುವ ಪೈನ್ ಚಕ್ಕೆಗಳಿಂದಲೇ ಬೆಳಕೂ ಕಾವೂ ದೊರೆಯುತ್ತಿದ್ದವು. ಅಡುಗೆಮನೆಯಲ್ಲಿ ಕೆಂಡವನ್ನು ಕಾಪಿಡುವ ಮತ್ತೊಂದು ಗೂಡು. ಅದು ಆರದಂತೆ ನೋಡಿಕೊಳ್ಳುವ ಹೊಣೆ ಹೆಂಗಸರದು. ಕೃಷಿಯ ಕೆಲಸಕ್ಕೆ ನೆರೆಯವರು ಒಬ್ಬರಿಗೊಬ್ಬರು ಆಳಾಗಿ ದುಡಿಯುತ್ತಿದ್ದರು. ಕೊರಿಯನ್ನರ 'ಪುಮಾಸಿ' ಎಂಬ ಈ ಪದ್ಧತಿಗೆ ನಮ್ಮಲ್ಲಿ ಮುಯ್ಯಾಳು ಎಂಬ ಹೆಸರುಂಟು.

ಈ ಬೆಟ್ಟಗಳಿಗೆ ಜನ ಬಂದುದೇಕೆ? ಹಲವರು ಬಡತನ, ತೆರಿಗೆಗಳ ಭಾರದಿಂದ ಪಾರಾಗಲು ಬಂದವರು. 1910ರಲ್ಲಿ ಜಪಾನ್ ಕೊರಿಯವನ್ನು ವಶಪಡಿಸಿಕೊಂಡಿತು. 1918ರವರೆಗೆ ನಡೆದ ಭೂಮಾಪನದ ತರುವಾಯ ಹೊಲ ಕಳೆದುಕೊಂಡ ಇನ್ನಷ್ಟು ರೈತರು ಬೆಟ್ಟವೇರಿದರು. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ನವಣೆ, ಮುಸುಕಿನ ಜೋಳ, ಆಲೂಗಡ್ಡೆ ಬೆಳೆದು, ಮಣ್ಣಿನ ಸಾರ ತೀರಿದಾಗ ಬೇರೆಡೆಗೆ ಹೋಗುವುದು ಅವರ ಬೇಸಾಯ. ನಮ್ಮ ಮಲೆನಾಡಿನ ಭಾಷೆಯಲ್ಲಿ ಅದು ಕುಮರಿ. ಕೊರಿಯನ್ನರಿಗೆ 'ಹ್ವಾಜೊನ್', ಎಂದರೆ ಬೆಂಕಿಯ ಹೊಲ.

ಸರ್ಕಾರ ಈ ಬೇಸಾಯವನ್ನು ಕಾಡಿನ ಹಗೆಯೆಂದು ಬಗೆಯಿತು. ಅದನ್ನು ಕೊನೆಗೊಳಿಸಲು 1966ರಲ್ಲಿ ಕಾನೂನು ಬಂತು. 1968ರ ಕೊನೆಯಲ್ಲಿ ಉತ್ತರ ಕೊರಿಯದ ನೂರಿಪ್ಪತ್ತು ಮಂದಿ ಶಸ್ತ್ರಧಾರಿಗಳು ಇದೇ ಕರಾವಳಿಯಲ್ಲಿಳಿದು ಬೆಟ್ಟ ಹೊಕ್ಕರು. ಆಮೇಲೆ ಒಂಟಿಮನೆಗಳ ಮೇಲೆ ಅಧಿಕಾರಿಗಳ ಕಣ್ಣು ಇನ್ನಷ್ಟು ಬಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೆಂಕಿಯ ಹೊಲಗಳು ಆರಿದ್ದವು, ಉಳುವವರು ಚದುರಿದ್ದರು.

ಅದೇ ದಶಕದಲ್ಲಿ 'ಹೊಸ ಹಳ್ಳಿ' ಚಳವಳಿಯೂ ಮೊದಲಾಯಿತು. 1970ರಲ್ಲಿ ಸರ್ಕಾರ 33,267 ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟ್ ಹಂಚತೊಡಗಿತು. ರಸ್ತೆ, ಸೇತುವೆ, ಬಾವಿಗಳಾದವು. ಹುಲ್ಲಿನ ಸೂರು ಹಿಂದುಳಿದುದರ ಗುರುತಾಗಿ, ಅದರ ಜಾಗಕ್ಕೆ ಕಲ್ನಾರು ಬೆರೆತ ಶೀಟುಗಳು ಬಂದವು. ಆ ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂದು ಕೊರಿಯ 2009ರಲ್ಲಿ ಅದನ್ನೇ ನಿಷೇಧಿಸಿತು. ಹೊಸತೆಲ್ಲ ಕೆಡುಕೆಂದು ಇದರ ಅರ್ಥವಲ್ಲ. ಬೋಳಾಗಿದ್ದ ಬೆಟ್ಟಗಳಲ್ಲಿ 1973ರ ಯೋಜನೆಯಿಂದ ಮರಗಳು ಮತ್ತೆ ಬೆಳೆದು ನಿಂತದ್ದನ್ನು ಲೋಕವೇ ಮೆಚ್ಚಿದೆ. ಆ ಮೆಚ್ಚುಗೆ ನ್ಯಾಯವಾದದ್ದೇ.

ಆದರೆ ನನ್ನನ್ನು ಕಾಡುವ ಸಂಗತಿ ಬೇರೆ. 1975ರಲ್ಲಿ ಸರ್ಕಾರ ಸಿನ್‌ರಿಯ ಹಲಗೆಮನೆಗಳನ್ನೂ, ಕೆಂಡದ ಗೂಡು, ಹಿಮದಲ್ಲಿ ನಡೆಯುವ ಪಾದರಕ್ಷೆ ಮೊದಲಾದ ಬಳಕೆಯ ವಸ್ತುಗಳನ್ನೂ ರಾಷ್ಟ್ರದ ಜಾನಪದ ಆಸ್ತಿಯೆಂದು ರಕ್ಷಿಸಿತು. ಒಂದೇ ದಶಕದಲ್ಲಿ, ಒಂದೇ ಆಡಳಿತ ಮನೆಯನ್ನು ಉಳಿಸಿತು. ಆ ಮನೆಯನ್ನು ಕಟ್ಟಿಸಿದ ಬದುಕನ್ನು ಮುಗಿಸಿತು. ಹಲಗೆಯ ಸೂರು ಒಮ್ಮೆ ಹೊದಿಸಿದರೆ ಮುಗಿಯುವಂಥದ್ದಲ್ಲ. ಹಳತಾದದ್ದನ್ನು ತೆಗೆದು ಹೊಸ ಹಲಗೆ ಸೀಳಿ ಹಾಕುತ್ತಲೇ ಇರಬೇಕು. ಕಾಡು ಮರಳಿದ ಕಥೆಯನ್ನು ಹೇಳುವಾಗ, ಆ ಕಾಡಿನಿಂದ ಇಳಿದುಹೋದವರ ಕಥೆಯನ್ನೂ ಅದೇ ಪುಟದಲ್ಲಿ ಬರೆಯುವುದು ಚರಿತ್ರಕಾರನ ಕರ್ತವ್ಯವೆಂದು ನಾನು ತಿಳಿದಿದ್ದೇನೆ.