ಹಿಂದಿರುಗೋಣ ಎನ್ನುವ ಅಧಿಕಾರ: ಶಾಮೊನಿಯಿಂದ ಜರ್ಮಾಟ್‌ವರೆಗಿನ ಹಿಮಹಾದಿಯ ಚರಿತ್ರೆ



ಊರಿನಿಂದ ತಂದೆತಾಯಿಯರೋ ಬಂಧುಗಳೋ ಸ್ವಿಟ್ಜರ್ಲೆಂಡಿಗೆ ಬಂದಾಗ ಅವರನ್ನು ಜರ್ಮಾಟ್‌ಗೆ ಕರೆದೊಯ್ದು ಮ್ಯಾಟರ್‌ಹಾರ್ನ್ ಶಿಖರವನ್ನು ತೋರಿಸುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ವಸಂತಕಾಲದಲ್ಲಿ ಆ ಊರಿನ ಬೀದಿಗಳಲ್ಲಿ, ಬಿಸಿಲಿಗೆ ಮುಖ ಕಂದಿ, ಹೆಗಲ ಮೇಲೆ ಸ್ಕೀ ಹೊತ್ತು ನಡೆಯುವ ಐದಾರು ಮಂದಿಯ ಗುಂಪುಗಳು ಕಾಣಸಿಗುತ್ತವೆ. ಅವರಲ್ಲಿ ಕೆಲವರು ಫ್ರಾನ್ಸಿನ ಶಾಮೊನಿಯಿಂದ ಹೊರಟು, ಸುಮಾರು ಆರು ದಿನಗಳ ಕಾಲ ಹಿಮನದಿಗಳನ್ನೂ ಕಣಿವೆದಾರಿಗಳನ್ನೂ ದಾಟಿ ಬಂದವರು. ರಾತ್ರಿಗಳನ್ನು ಪರ್ವತದ ತಂಗುದಾಣಗಳಲ್ಲಿ ಕಳೆದವರು. ಈ ಮಾರ್ಗಕ್ಕೆ ‘ಓಟ್ ರೂಟ್’, ಎಂದರೆ ‘ಎತ್ತರದ ಹಾದಿ’, ಎಂದು ಹೆಸರು. ತಂತಿಗಾಡಿಯಲ್ಲಿ ಮೇಲೇರಿ ಜಾರುವ ಸ್ಕೀಯಿಂಗ್‌ಗಿಂತ ಇದು ಭಿನ್ನವಾದುದು. ಸ್ಕೀಗಳ ಅಡಿಗೆ ರೋಮದ ಪಟ್ಟಿಗಳನ್ನು ಅಂಟಿಸಿಕೊಂಡು, ಹಿಮ್ಮಡಿಯನ್ನು ಸಡಿಲಬಿಟ್ಟು, ಇಳಿಜಾರನ್ನು ಸ್ವಂತ ಕಾಲ್ಬಲದಿಂದಲೇ ಏರಬೇಕು. ಹಿಂದೆ ಈ ಪಟ್ಟಿಗಳನ್ನು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು. ಈಗ ನೈಲಾನ್ ಅಥವಾ ಮೊಹೇರ್ ಉಣ್ಣೆಯಿಂದ ಮಾಡುತ್ತಾರೆ.

ಇಂಥ ಗುಂಪುಗಳ ಮುಂದೆ ಸಾಮಾನ್ಯವಾಗಿ ಒಬ್ಬ ಮಾರ್ಗದರ್ಶಿ ಇರುತ್ತಾನೆ. ದಾರಿ ತೋರುವುದು ಅವನ ಕೆಲಸವೆಂದು ನಾವು ತಿಳಿಯುತ್ತೇವೆ. ಆದರೆ ಈ ಹಾದಿಯ ಚರಿತ್ರೆಯನ್ನು ನೋಡಿದರೆ ಅವನ ನಿಜವಾದ ಕೆಲಸ ಬೇರೆಯೇ ಎನಿಸುತ್ತದೆ. ‘ಇಲ್ಲಿಂದ ಹಿಂದಿರುಗೋಣ’ ಎಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಆಲ್ಪ್ಸ್ ಪರ್ವತಗಳು ಸುಮಾರು ಎರಡು ಶತಮಾನಗಳ ಕಾಲ ಉತ್ತರ ಹುಡುಕಿವೆ.

1786ರ ಆಗಸ್ಟ್ 8ರಂದು ಮಾಂಟ್ ಬ್ಲಾಂಕ್ ಶಿಖರವನ್ನು ಮೊದಲ ಬಾರಿಗೆ ಏರಿದವರು ಇಬ್ಬರು. ಒಬ್ಬನು ಪರ್ವತಗಳಲ್ಲಿ ಸ್ಫಟಿಕ ಹುಡುಕುತ್ತಿದ್ದ ಜಾಕ್ ಬಲ್ಮಾ. ಮತ್ತೊಬ್ಬರು ಶಾಮೊನಿಯ ವೈದ್ಯ ಮಿಶೆಲ್ ಗೇಬ್ರಿಯಲ್ ಪಕಾರ್. ಕೀರ್ತಿಯ ಬಹುಪಾಲು ದೀರ್ಘಕಾಲ ಬಲ್ಮಾನಿಗೇ ಸಂದಿತು. 1887ರಲ್ಲಿ ಶಾಮೊನಿಯಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಅವನ ಪಕ್ಕದಲ್ಲಿರುವುದು ಆರೋಹಣಕ್ಕೆ ಬಹುಮಾನ ಘೋಷಿಸಿದ್ದ ವಿಜ್ಞಾನಿ ಸೊಸ್ಯೂರ್. ವೈದ್ಯರ ಪ್ರತಿಮೆ ಆ ಊರಿನಲ್ಲಿ ನಿಂತದ್ದು ಆರೋಹಣದ ಇನ್ನೂರನೆಯ ವರ್ಷದಲ್ಲಿ. ಅದೇನೇ ಇರಲಿ, ಆ ಆರೋಹಣದ ಬಳಿಕ ಶಾಮೊನಿಯ ಬಡ ರೈತರಿಗೆ ಪ್ರವಾಸಿಗಳನ್ನು ಮೇಲೆ ಕರೆದೊಯ್ಯುವುದು ಜೀವನೋಪಾಯವಾಯಿತು. ಹಣ ಕೊಡುವವನು ಒಡೆಯ, ದಾರಿ ತೋರುವವನು ಆಳು ಎಂಬ ಸಂಬಂಧವೂ ಅದರೊಡನೆ ಬೆಳೆಯಿತು.

ಆ ಸಂಬಂಧದ ಬೆಲೆ ಏನೆಂಬುದು 1820ರ ಆಗಸ್ಟ್‌ನಲ್ಲಿ ತಿಳಿಯಿತು. ರಷ್ಯಾದ ಸಾಮ್ರಾಟನ ಸೇವೆಯಲ್ಲಿದ್ದ ಡಾ. ಜೋಸೆಫ್ ಹ್ಯಾಮೆಲ್ ಅವರ ತಂಡ ಮಾಂಟ್ ಬ್ಲಾಂಕ್ ಏರಲು ಹೊರಟಿತ್ತು. ಹವಾಮಾನ ಕೆಟ್ಟು ಹೊಸ ಹಿಮ ಬಿದ್ದಿತ್ತು. ಮುಂದುವರಿಯುವುದು ಬೇಡವೆಂದು ಮಾರ್ಗದರ್ಶಿಗಳು ಹೇಳಿದರೂ ಯಜಮಾನರ ಇಚ್ಛೆಯೇ ಗೆದ್ದಿತೆಂದು ಆ ಘಟನೆಯ ವೃತ್ತಾಂತಗಳು ಹೇಳುತ್ತವೆ. ತಂಡದ ಕಾಲಡಿಯ ಹಿಮವೇ ಕುಸಿದು ಮೂವರು ಮಾರ್ಗದರ್ಶಿಗಳನ್ನು ಆಳವಾದ ಹಿಮಬಿರುಕಿಗೆ ಒಯ್ದಿತು. ಪಿಯೆರ್ ಬಲ್ಮಾ, ಪಿಯೆರ್ ಕಾರಿಯೆ, ಓಗಸ್ಟ್ ತೆರ್ರಾ ಎಂಬುವು ಅವರ ಹೆಸರುಗಳು. ಹಣ ಕೊಟ್ಟವರು ಬದುಕಿ ಬಂದರು.

ಮರುವರ್ಷವೇ, 1821ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳು ತಮ್ಮದೇ ಸಂಘವನ್ನು ಕಟ್ಟಿದರು. ಈ ಬಗೆಯ ಸಂಘಗಳಲ್ಲಿ ಜಗತ್ತಿನಲ್ಲೇ ಹಳೆಯದೆಂದು ಅದಕ್ಕೆ ಖ್ಯಾತಿಯಿದೆ. ಕೆಲಸವನ್ನು ಸರತಿಯ ಪ್ರಕಾರ ಹಂಚುವ ನಿಯಮ ಬಂದಿತು. ಅಪಘಾತಕ್ಕೆ ತುತ್ತಾದವರ ಕುಟುಂಬಗಳಿಗೆ ನೆರವಾಗುವ ನಿಧಿಯೂ ಏರ್ಪಟ್ಟಿತು. ಮೇಲ್ನೋಟಕ್ಕೆ ಇದು ಆರ್ಥಿಕ ಏರ್ಪಾಡು. ಆದರೆ ‘ಬೇಡ’ ಎಂದರೆ ನಾಳಿನ ಕೂಲಿ ಹೋದೀತೆಂಬ ಭಯವಿರುವವನು ಗಟ್ಟಿಯಾಗಿ ‘ಬೇಡ’ ಎನ್ನಲಾರ. ಆ ಮಾತಿಗೆ ಮೊದಲು ಬೇಕಾಗಿದ್ದುದು ಹೊಟ್ಟೆಪಾಡಿನ ಭದ್ರತೆ.

ಹಿಮನದಿ ಆ ಮೂವರನ್ನು ಮರೆಯಲಿಲ್ಲ. ನಿಧಾನವಾಗಿ ಕೆಳಗೆ ಹರಿಯುತ್ತ, 41 ವರ್ಷಗಳ ನಂತರ, 1861ರಲ್ಲಿ, ಬೊಸ್ಸೋನ್ ಹಿಮನದಿಯ ತುದಿಯಲ್ಲಿ ಅವರ ಅವಶೇಷಗಳನ್ನು ಹೊರಗಿಟ್ಟಿತು. ಆ ದಿನ ಬದುಕುಳಿದು ಈಗ ವೃದ್ಧನಾಗಿದ್ದ ಮಾರ್ಗದರ್ಶಿಯೊಬ್ಬನು ತನ್ನ ಸಂಗಾತಿಗಳ ಗುರುತು ಹಿಡಿದನು. ಬ್ರಿಟನ್ನಿನ ಆಲ್ಪೈನ್ ಕ್ಲಬ್ಬಿನ ಸದಸ್ಯರು ತಮ್ಮ ಮಾರ್ಗದರ್ಶಿಗಳೊಡನೆ ಶಾಮೊನಿ ಮತ್ತು ಜರ್ಮಾಟ್‌ಗಳ ನಡುವಣ ಎತ್ತರದ ಹಾದಿಯನ್ನು ಬೇಸಿಗೆಯಲ್ಲಿ ಕಾಲ್ನಡಿಗೆಯಿಂದ ಜೋಡಿಸತೊಡಗಿದ್ದೂ ಆ ಕಾಲದಲ್ಲಿಯೇ.

ಚಳಿಗಾಲದಲ್ಲಿ ಆ ಹಾದಿ ತೆರೆಯಲು ಸ್ಕೀ ಬರಬೇಕಾಯಿತು. 1897ರ ಜನವರಿಯಲ್ಲಿ ವಿಲ್ಹೆಲ್ಮ್ ಪೌಲ್ಕೆ ಮತ್ತು ಸಂಗಡಿಗರು ಬರ್ನ್ ಪ್ರಾಂತದ ಹಿಮನದಿಗಳನ್ನು ಸ್ಕೀಗಳ ಮೇಲೆ ದಾಟಿ, ಎತ್ತರದ ಪರ್ವತಗಳಲ್ಲಿಯೂ ಇದು ಸಾಧ್ಯವೆಂದು ತೋರಿಸಿದರು. ಶಾಮೊನಿಯಲ್ಲಿ ಸ್ಕೀಯನ್ನು ರೂಢಿಗೆ ತಂದವರಲ್ಲಿ ಮುಖ್ಯರು ಮತ್ತೊಬ್ಬ ವೈದ್ಯರು, ಡಾ. ಮಿಶೆಲ್ ಪಯೊ. ಹಿಮ ತುಂಬಿದ ಕಣಿವೆಯಲ್ಲಿ ಅವರು ರೋಗಿಗಳ ಮನೆಗಳಿಗೆ ಸ್ಕೀಗಳ ಮೇಲೆಯೇ ಹೋಗುತ್ತಿದ್ದರು. 1903ರ ಜನವರಿಯಲ್ಲಿ ಅವರು ಶಾಮೊನಿಯ ಮಾರ್ಗದರ್ಶಿಗಳಾದ ರವನೆಲ್, ಕುತ್ತೆ ಮತ್ತು ಸಿಮೋ ಅವರೊಡನೆ ಜರ್ಮಾಟ್‌ನತ್ತ ಹೊರಟರು. ಇಡೀ ಮಾರ್ಗವನ್ನು ಎತ್ತರದಲ್ಲಿಯೇ ಪೂರೈಸಲು ಅವರಿಗೆ ಆಗಲಿಲ್ಲ. ಕೆಲವೆಡೆ ಕಣಿವೆಗಿಳಿದು ಬಳಸಿ ಹೋಗಬೇಕಾಯಿತು. ಆದರೂ ಚರಿತ್ರೆ ಆ ಯಾತ್ರೆಯನ್ನು ಸೋಲೆಂದು ಬರೆದಿಲ್ಲ. 1911ರ ಜನವರಿಯಲ್ಲಿ ಮಾರ್ಸೆಲ್ ಕುರ್ಟ್ಸ್ ಮತ್ತು ಪ್ರೊ. ರೋಜೆ ಅವರು ಮಾರ್ಗದರ್ಶಿಗಳೊಡನೆ ಬೂರ್ ಸ್ಯಾಂ ಪಿಯೆರ್ ಎಂಬ ಹಳ್ಳಿಯಿಂದ ಜರ್ಮಾಟ್‌ವರೆಗಿನ ಭಾಗವನ್ನು ಸ್ಕೀಗಳ ಮೇಲೆ ಪೂರೈಸಿದರು.

ಮುಂದೆ ಸಂಘದ ಮಾತಿಗೆ ವಿಜ್ಞಾನದ ಬೆಂಬಲವೂ ಸೇರಿತು. ಸ್ವಿಸ್ ಸೈನ್ಯ 1943ರಲ್ಲಿ ಇದೇ ಪರ್ವತಗಳಲ್ಲಿ ಗಸ್ತುತಂಡಗಳ ಸ್ಕೀ ಸ್ಪರ್ಧೆಯೊಂದನ್ನು ಆರಂಭಿಸಿತು. 1949ರಲ್ಲಿ ಮೂವರು ಸೈನಿಕರು ಹಿಮಬಿರುಕಿಗೆ ಬಿದ್ದು ಮೃತರಾದ ಮೇಲೆ ಅದನ್ನು ನಿಲ್ಲಿಸಲಾಯಿತು. ಮತ್ತೆ ನಡೆದದ್ದು 1984ರಲ್ಲಿ. ದಾವೋಸ್‌ನ ಹಿಮ ಸಂಶೋಧನ ಸಂಸ್ಥೆ 1945ರಿಂದ ಹಿಮಕುಸಿತದ ಮುನ್ಸೂಚನೆಗಳನ್ನು ಪ್ರಕಟಿಸುತ್ತ ಬಂದಿದೆ. 1965ರಲ್ಲಿ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಆಸ್ಟ್ರಿಯಾ, ಇಟಲಿಗಳ ಮಾರ್ಗದರ್ಶಿಗಳು ಸೇರಿ ಅಂತಾರಾಷ್ಟ್ರೀಯ ಒಕ್ಕೂಟವನ್ನು ರಚಿಸಿದರು. 1993ರಲ್ಲಿ ಯುರೋಪಿನ ದೇಶಗಳು ಅಪಾಯವನ್ನು 1ರಿಂದ 5ರವರೆಗೆ ಅಳೆಯುವ ಸಮಾನ ಮಾನದಂಡವನ್ನು ಒಪ್ಪಿಕೊಂಡವು.

ವೈದ್ಯವೃತ್ತಿಯಲ್ಲಿರುವ ನಮಗೆ ಈ ಎಲ್ಲದರ ಅಗತ್ಯ ಒಂದು ಲೆಕ್ಕದಿಂದ ಮನದಟ್ಟಾಗುತ್ತದೆ. ಹಿಮದಡಿ ಪೂರ್ತಿ ಹೂತುಹೋದವರನ್ನು ಸುಮಾರು 15 ನಿಮಿಷಗಳೊಳಗೆ ಹೊರತೆಗೆದರೆ ಬಹುಪಾಲು ಮಂದಿ ಬದುಕುತ್ತಾರೆಂದೂ, 35 ನಿಮಿಷ ಕಳೆಯುವಷ್ಟರಲ್ಲಿ ಬದುಕುಳಿಯುವವರ ಪ್ರಮಾಣ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆಂದೂ 1994ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಖ್ಯ ಕಾರಣ ಉಸಿರುಕಟ್ಟುವಿಕೆ. ಹೆಲಿಕಾಪ್ಟರ್ ಬರುವುದರೊಳಗೆ ಈ ಅವಧಿ ಮುಗಿದಿರುವುದೇ ಹೆಚ್ಚು. ಆದ್ದರಿಂದಲೇ ಪ್ರತಿಯೊಬ್ಬರೂ ಸಂಕೇತ ಕಳುಹಿಸುವ ಬೀಕನ್, ಸಲಿಕೆ ಮತ್ತು ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಸರಳನ್ನು ಹೊತ್ತಿರಬೇಕೆಂಬ ಕಟ್ಟಳೆ. ಆದರೂ ಇವೆಲ್ಲ ಚಿಕಿತ್ಸೆಯ ಸಾಧನಗಳು. ಹಿಂದಿರುಗುವ ನಿರ್ಧಾರ ಮಾತ್ರ ರೋಗ ಬಾರದಂತೆ ತಡೆಯುವ ಲಸಿಕೆ.

ಹಾಗೆಂದು ಮಾರ್ಗದರ್ಶಿಯೊಬ್ಬನಿದ್ದರೆ ಅಪಾಯವೇ ಇಲ್ಲವೆಂದು ಹೇಳಲಾಗದು. 2018ರ ಏಪ್ರಿಲ್ ಕೊನೆಯಲ್ಲಿ ಇದೇ ಹಾದಿಯ ಪಿನ್ಯ್ ದ’ಅರೋಲಾ ಪರ್ವತದ ಬಳಿ 14 ಮಂದಿ ಬಿರುಗಾಳಿಗೆ ಸಿಲುಕಿ, ದಾರಿ ಕಾಣದೆ, ಇಡೀ ರಾತ್ರಿ ಬಯಲಿನಲ್ಲಿ ಕಳೆದರು. ಮಾರ್ಗದರ್ಶಿಯೂ ಸೇರಿ 7 ಮಂದಿ ಮೃತರಾದರು. ವಿನ್ಯೆತ್ ತಂಗುದಾಣ ಅಲ್ಲಿಂದ ಕೇವಲ ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿತ್ತು. ದೇಹದ ಉಷ್ಣತೆ ಕುಸಿಯುತ್ತ ಹೋದಂತೆ ಕೈಕಾಲುಗಳ ಜೊತೆಗೆ ವಿವೇಚನೆಯೂ ಮಂಕಾಗುತ್ತದೆ. ಅಂಥ ಹೊತ್ತಿನಲ್ಲಿ ಸರಿಯಾದ ನಿರ್ಧಾರ ಬಹಳ ಕಷ್ಟ. ಹಿಂದಿರುಗುವ ಮಾತು ತಂಗುದಾಣದ ಬಾಗಿಲಲ್ಲಿ, ಮೈ ಬೆಚ್ಚಗಿರುವಾಗಲೇ ಹುಟ್ಟಬೇಕು.

ನಮ್ಮಲ್ಲಿ ಹೆಚ್ಚಿನವರು ಹಿಮವನ್ನು ಮೊದಲು ಕಂಡದ್ದು ದೊಡ್ಡವರಾದ ಮೇಲೆ. ನಮ್ಮ ಮಕ್ಕಳು ಹಾಗಲ್ಲ. ಶಾಲೆಯ ಸ್ಕೀ ಶಿಬಿರಗಳಲ್ಲಿ ಬೆಳೆದ ಅವರು ನಾಳೆ ಇಂಥ ಹಾದಿಗಳನ್ನು ಕೇಳಿಯೇ ಕೇಳುತ್ತಾರೆ. ಅವರನ್ನು ತಡೆಯುವುದು ನಮ್ಮ ಉದ್ದೇಶವಲ್ಲ. ಹೊರಡುವ ಮುನ್ನ ಮನೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮಾರ್ಗದರ್ಶಿಗೆ ಅಧಿಕೃತ ಅರ್ಹತೆಯಿದೆಯೇ? ಆ ದಿನದ ಹಿಮಕುಸಿತದ ಮುನ್ಸೂಚನೆಯನ್ನು ನೀವೂ ಓದಿದ್ದೀರಾ? ಅವರು ಬೇಡವೆಂದರೆ ಕಟ್ಟಿದ ಹಣವನ್ನು ಮರೆತು ಮರಳಿ ಬರುತ್ತೀರಾ?

ಮೂರನೆಯ ಪ್ರಶ್ನೆಯೇ ಕಠಿಣವಾದುದು. ವರ್ಷವಿಡೀ ಕಾದು ಪಡೆದ ರಜೆ, ಕಟ್ಟಿದ ಶುಲ್ಕ, ಗೆಳೆಯರ ಉತ್ಸಾಹ, ಎಲ್ಲವೂ ಮುಂದಕ್ಕೆ ನೂಕುತ್ತಿರುತ್ತವೆ. 1820ರಲ್ಲಿ ಮಾರ್ಗದರ್ಶಿಯ ಮಾತಿಗೆ ಬೆಲೆ ಇರಲಿಲ್ಲ, ಇಂದು ಇದೆ. ಆ ಬೆಲೆಯನ್ನು ತೆತ್ತವರು ಶಾಮೊನಿಯ ಮೂರು ಬಡ ಕುಟುಂಬಗಳೂ, ಅವರ ನಂತರ ಇದೇ ಪರ್ವತಗಳಲ್ಲಿ ಜೀವ ಕಳೆದುಕೊಂಡ ಅನೇಕರೂ. ಆ ಮಾತನ್ನು ಗೌರವಿಸಲು ನಮ್ಮ ಮಕ್ಕಳಿಗೆ ಕಲಿಸೋಣ.