ನಿಲ್ಲದ ಬಸಿರು, ಯಾರೂ ಕೇಳದ ಪ್ರಶ್ನೆ

ಪಾಲಾರ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಒಂದೇ ವಿಷಯ. 1993ರ ಏಪ್ರಿಲ್ 9, ವೀರಪ್ಪನ್ ಗುಂಪು ಇಟ್ಟಿದ್ದ ನೆಲಬಾಂಬು, ಸತ್ತ 22 ಜನ. ಅದು ಆ ಊರಿನ ಹೆಸರಿಗೆ ಅಂಟಿಕೊಂಡುಬಿಟ್ಟಿದೆ. ಇವತ್ತು ಅದೇ ದಾರಿಯನ್ನ ಇಟ್ಟುಕೊಂಡು ಬೇರೆ ಒಂದು ಚರಿತ್ರೆ ಬರೆಯೋಣ ಅನ್ನಿಸಿತು. ಮೂರು ನಾಲ್ಕು ಸಲ ಬಸಿರಾಗಿ, ಒಂದೂ ನಿಲ್ಲದ ಹೆಂಗಸು ಡಾಕ್ಟರ ಹತ್ತಿರ ಹೋಗಿ "ಯಾಕೆ ಹೀಗಾಗ್ತಿದೆ?" ಅಂತ ಕೇಳಬೇಕು ಅಂದ್ರೆ ಏನೇನು ದಾಟಿ ಬರಬೇಕು ಅನ್ನೋ ಚರಿತ್ರೆ.

ಮೊದಲು ದಾರಿ. ಮೆಟ್ಟೂರಿನ ಕಡೆಯಿಂದ ಬಂದರೆ ಕರ್ನಾಟಕದ ಗಡಿಯಲ್ಲಿ ಸಿಗೋದು ಪಾಲಾರ್. ಇಲ್ಲಿಂದ ಮಲೆ ಮಹದೇಶ್ವರ ಬೆಟ್ಟ ಹತ್ತಿ, ಆ ಕಡೆ ತಾಳಬೆಟ್ಟಕ್ಕೆ ಇಳಿದು, ಕೌದಳ್ಳಿ, ಹನೂರು, ಕಾಮಗೆರೆ ದಾಟಿದರೆ ಕೊಳ್ಳೇಗಾಲ. ಬೆಟ್ಟದಿಂದಲೇ ಸುಮಾರು 80 ಕಿಲೋಮೀಟರು. ದೊಡ್ಡ ಪರೀಕ್ಷೆ ಬೇಕು ಅಂದ್ರೆ ಅಲ್ಲಿಂದ ಮುಂದೆ ಚಾಮರಾಜನಗರ ಇಲ್ಲವೇ ಮೈಸೂರು. ಇನ್ನೊಂದು ದಿಕ್ಕಿಗೆ ಮೆಟ್ಟೂರು, ಸೇಲಂ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಇದ್ದದ್ದೇ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಜಿಲ್ಲೆ ಬದಲಾದರೂ ಈ ಮೂಲೆಗೆ ಆಸ್ಪತ್ರೆ ಮಾತ್ರ ದೂರವೇ.

ಇದೇ ಬೆಟ್ಟದ ದೇವರ ಕಥೆಯಲ್ಲಿ ಸಂಕಮ್ಮನ ಸಾಲು ಬರುತ್ತೆ, ಕೇಳಿರ್ತೀರಿ. ಮಕ್ಕಳಿಲ್ಲದ ಸಂಕಮ್ಮ. ಅವಳ ಮೇಲೆ ಗಂಡ ನೀಲೇಗೌಡನಿಗೆ ಅನುಮಾನ. ಭಾಷೆ ಕೊಡು ಅಂತ ಕಾಡ್ತಾನೆ, ಹಿಂಸೆ ಕೊಡ್ತಾನೆ. ಕೊನೆಗೆ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ತಾರೆ. ಮಕ್ಕಳಾಗದಿದ್ದರೆ ತಪ್ಪು ಹೆಂಗಸಿನದು ಅನ್ನೋ ಮಾತು ಎಷ್ಟು ಹಳೆಯದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಜನ ಆ ಕಥೆಯಲ್ಲಿ ನಿಂತಿದ್ದು ಸಂಕಮ್ಮನ ಪಕ್ಷದಲ್ಲಿ. ಇದು ನನಗೆ ಯಾವಾಗಲೂ ಸೋಜಿಗ.

ಡಾಕ್ಟರುಗಳೇನೂ ಈ ವಿಷಯದಲ್ಲಿ ಮೊದಲಿನಿಂದ ಜಾಣರಾಗಿರಲಿಲ್ಲ. 1938ರಲ್ಲಿ ಇಂಗ್ಲೆಂಡಿನ ಪರ್ಸಿ ಮಾಲ್ಪಾಸ್ ಅನ್ನೋ ವೈದ್ಯರು ಒಂದು ಲೆಕ್ಕ ಹಾಕಿದರು. ಮೂರು ಸಲ ಗರ್ಭ ಹೋದವಳಿಗೆ ನಾಲ್ಕನೆಯದೂ ಹೋಗುವ ಸಾಧ್ಯತೆ ನೂರಕ್ಕೆ 73 ಅಂತ. ಇದು ಎಣಿಸಿ ನೋಡಿದ ಸಂಖ್ಯೆ ಅಲ್ಲ, ಊಹೆಗಳ ಮೇಲೆ ಕಟ್ಟಿದ ಗಣಿತ. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಇದರ ಅಪಾಯ ಬೇಗ ಹೊಳೆಯುತ್ತೆ. ಏನೂ ಮಾಡದಿದ್ದರೆ ನೂರರಲ್ಲಿ 27 ಜನಕ್ಕೆ ಮಾತ್ರ ಮಗು ಉಳಿಯುತ್ತೆ ಅಂತ ಮೊದಲೇ ಒಪ್ಪಿಕೊಂಡರೆ, ಯಾವ ಔಷಧಿ ಕೊಟ್ಟರೂ ಗೆದ್ದ ಹಾಗೇ ಕಾಣಿಸುತ್ತೆ! 1964ರಲ್ಲಿ ಕೆನಡಾದ ಡೊರೊತಿ ವಾರ್ಬರ್ಟನ್ ಮತ್ತು ಫ್ರೇಸರ್ ನಿಜವಾದ ಕುಟುಂಬಗಳನ್ನು ಎಣಿಸಿ ನೋಡಿದಾಗ ಮತ್ತೆ ಹೋಗುವ ಸಾಧ್ಯತೆ ನೂರಕ್ಕೆ 25ರಿಂದ 30 ಮಾತ್ರ ಇತ್ತು. ಈಚಿನ ಅಧ್ಯಯನಗಳಲ್ಲಿ, ವಯಸ್ಸನ್ನೂ ಸೇರಿಸಿ ನೋಡಿದಾಗ, ಅದಕ್ಕಿಂತ ಸ್ವಲ್ಪ ಹೆಚ್ಚು ಬಂದಿದೆ. ಆದರೂ ಮೂರು ಸಲ ಕಳಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮುಂದಿನ ಬಸಿರು ನಿಲ್ಲುತ್ತೆ.

ಆ ತಪ್ಪು ಲೆಕ್ಕದ ಕಾಲದಲ್ಲೇ ಡಿಇಎಸ್ ಅನ್ನೋ ಕೃತಕ ಹಾರ್ಮೋನು ಬಂತು. 1938ರಲ್ಲಿ ತಯಾರಾಯಿತು, 1940ರ ದಶಕದಲ್ಲಿ ಬಸಿರು ಉಳಿಸುವ ಮಾತ್ರೆ ಅಂತ ಅಮೆರಿಕದಲ್ಲಿ ಹೆಸರಾಯಿತು. 1953ರಲ್ಲಿ ಶಿಕಾಗೋದ ಡೀಕ್‌ಮನ್ ಮತ್ತು ಸಂಗಡಿಗರು ಸುಮಾರು 1,600 ಹೆಂಗಸರಲ್ಲಿ ಅರ್ಧ ಜನಕ್ಕೆ ಆ ಮಾತ್ರೆ, ಅರ್ಧ ಜನಕ್ಕೆ ಬರೀ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ಲಾಭ ಸೊನ್ನೆ. ಆದರೂ ಮಾರಾಟ ನಿಲ್ಲಲಿಲ್ಲ. 1971ರಲ್ಲಿ, ಹಾಗೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡ ಮೇಲೆ ಎಲ್ಲರ ಕಣ್ಣು ತೆರೆಯಿತು. "ಏನೋ ಒಂದು ಕೊಟ್ಟುಬಿಡೋಣ" ಅನ್ನೋದರ ಬೆಲೆ ಅದು.

ಇನ್ನು ನಮ್ಮವರೇ ಒಬ್ಬರ ಕಥೆ. ವಿಠ್ಠಲ ನಾಗೇಶ ಶಿರೋಡ್ಕರ್, ಗೋವಾದ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿದವರು. ಹೈಸ್ಕೂಲು ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ! ಡಾಕ್ಟರಾಗಿದ್ದು ಮುಂಬಯಿಯಲ್ಲಿ. ನಾಲ್ಕನೇ ತಿಂಗಳಿಂದ ಏಳನೇ ತಿಂಗಳ ಒಳಗೆ ಮತ್ತೆ ಮತ್ತೆ ಗರ್ಭ ಕಳಕೊಳ್ಳುವ ಕೆಲವು ಹೆಂಗಸರಿಗೆ ಹಾಸಿಗೆ ಹಿಡಿಸಿದರೂ ಹಾರ್ಮೋನು ಕೊಟ್ಟರೂ ಪ್ರಯೋಜನ ಆಗ್ತಿರಲಿಲ್ಲ. ಇಂಥವರಲ್ಲಿ ಗರ್ಭಕೋಶದ ಬಾಯಿಯೇ ಭಾರ ತಡೆಯಲಾರದೆ ಹೊತ್ತಿಗೆ ಮುಂಚೆ ತೆರೆದುಕೊಳ್ಳುತ್ತೆ ಅನ್ನೋದನ್ನ ಅವರು ಗಮನಿಸಿದರು. ಆ ಹೆಂಗಸಿನ ತೊಡೆಯಿಂದಲೇ ಗಟ್ಟಿ ಪೊರೆಯ ಒಂದು ಪಟ್ಟಿ ತೆಗೆದು ಬಾಯಿಯ ಸುತ್ತ ಬಿಗಿದರು. ಇದನ್ನ ಅವರು 1955ರಲ್ಲಿ ಪ್ರಕಟಿಸಿದ್ದು ಮದ್ರಾಸಿನ 'ದಿ ಆಂಟಿಸೆಪ್ಟಿಕ್' ಅನ್ನೋ ವೈದ್ಯ ಪತ್ರಿಕೆಯಲ್ಲಿ. ಆಗ ಕೊಳ್ಳೇಗಾಲವೂ ಅದೇ ಮದ್ರಾಸ್ ರಾಜ್ಯದಲ್ಲಿತ್ತು ಅನ್ನೋದು ನೆನಪಿರಲಿ. 1957ರಲ್ಲಿ ಮೆಲ್ಬರ್ನಿನ ಮೆಕ್‌ಡೊನಾಲ್ಡ್ ಇನ್ನೂ ಸರಳವಾದ ಹೊಲಿಗೆ ತೋರಿಸಿಕೊಟ್ಟರು. ಈಗ ನಮ್ಮ ಊರುಗಳಲ್ಲಿ "ಅವಳಿಗೆ ಹೊಲಿಗೆ ಹಾಕಿದಾರಂತೆ" ಅಂತ ಮಾತಾಡಿಕೊಳ್ಳೋದು ಇದನ್ನೇ. ಇದು ಎಲ್ಲರಿಗೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರಿಗೆ ಹೊಲಿಗೆಯಿಂದ ಉಪಯೋಗ ಇಲ್ಲ. ಶಿರೋಡ್ಕರ್ ಗೆದ್ದದ್ದು ಯಾಕೆ ಅಂದ್ರೆ ಅವರು ಮೊದಲು "ಎಷ್ಟನೇ ತಿಂಗಳು? ಹೇಗೆ ಹೋಯ್ತು?" ಅಂತ ಕೇಳಿದರು.

ಇನ್ನೊಂದು ಕಾರಣ ರಕ್ತದಲ್ಲಿ ಸಿಕ್ಕಿತು. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್, ರಕ್ತ ಬೇಗ ಹೆಪ್ಪುಗಟ್ಟುವ ಒಂದು ತೊಂದರೆಗೂ ಮರುಕಳಿಸುವ ಗರ್ಭಪಾತಕ್ಕೂ ನಂಟಿದೆ ಅಂತ ವಿವರಿಸಿದರು. 1997ರಲ್ಲಿ ಅಲ್ಲಿಯೇ ಈ ತೊಂದರೆ ಇದ್ದ 90 ಹೆಂಗಸರ ಮೇಲೆ ಒಂದು ಪರೀಕ್ಷೆ ನಡೆಯಿತು. ಬರೀ ಆಸ್ಪಿರಿನ್ ತಗೊಂಡವರಲ್ಲಿ ನೂರಕ್ಕೆ 42 ಜನಕ್ಕೆ ಮಗು ಉಳಿಯಿತು. ಜೊತೆಗೆ ಹೆಪಾರಿನ್ ಚುಚ್ಚುಮದ್ದು ತಗೊಂಡವರಲ್ಲಿ 71 ಜನಕ್ಕೆ. ಒಂದು ರಕ್ತಪರೀಕ್ಷೆ, ಹನ್ನೆರಡು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೊಮ್ಮೆ. ಇಷ್ಟರಿಂದ ಒಂದು ಮನೆಯ ಚರಿತ್ರೆ ಬದಲಾಗಬಹುದು.

ಈ ಕಾಡಿಗೇ ಹತ್ತಿರದ ಇನ್ನೊಂದು ರಕ್ತದ ವಿಷಯ ಇದೆ. 1952ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಗುಣ ಇರೋದನ್ನ ವರದಿ ಮಾಡಿದರು. ಆ ಗುಣ ಬಿಳಿಗಿರಿಯ ಸೋಲಿಗರಲ್ಲೂ ಇದೆ. ಗಂಡ ಹೆಂಡತಿ ಇಬ್ಬರೂ ಗುಣ ಹೊತ್ತವರಾದರೆ ಮಗುವಿಗೆ ಕಾಯಿಲೆ ಬರಬಹುದು. ಕಾಯಿಲೆ ಇರುವ ತಾಯಿಗೆ ಗರ್ಭ ಹೋಗುವ ಅಪಾಯ ಜಾಸ್ತಿ. ಡಾ. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಿಂದ ಇದರ ಅರಿವು ಪೋಡುಗಳಿಗೆ ಮುಟ್ಟಿತು. ದೇಶದ ಮಟ್ಟದಲ್ಲಿ ಇದಕ್ಕೊಂದು ಅಭಿಯಾನ ಬಂದಿದ್ದು 2023ರಲ್ಲಿ. ಇಲ್ಲಿ ಪರೀಕ್ಷೆ ಬೇಕಾಗೋದು ಗಂಡಸಿಗೂ. ನೀಲೇಗೌಡ ಭಾಷೆ ಕೇಳೋ ಬದಲು ತನ್ನ ಕೈಯನ್ನೂ ಸೂಜಿಗೆ ಚಾಚಬೇಕಿತ್ತು ಅನ್ನಿ!

ಈಗ ನನ್ನನ್ನು ಕಾಡುವ ಮಾತಿಗೆ ಬರ್ತೀನಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಶುರುವಾದದ್ದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟರು. ಅರವತ್ತು ವರ್ಷ ಆದಮೇಲೆ ಆ ಮಕ್ಕಳನ್ನೇ ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ಹೃದಯದ ಕಾಯಿಲೆಗೂ ಇರುವ ನಂಟನ್ನ ಪ್ರಪಂಚಕ್ಕೆ ತೋರಿಸಿದರು. ಬರೆದಿಟ್ಟದ್ದರಿಂದ ಆದ ಲಾಭ ಅದು. ಆದರೆ ಹುಟ್ಟದ ಮಕ್ಕಳ ಲೆಕ್ಕ? ಕೇಸ್ ಶೀಟಿನಲ್ಲಿ ಅವು ಒಂದು ಅಕ್ಷರ, ಒಂದು ಅಂಕಿ. "ಎ3" ಅಂದ್ರೆ ಮೂರು ಹೋಗಿದೆ ಅಂತ. ಯಾವ ತಿಂಗಳು, ಯಾವ ಪರೀಕ್ಷೆ ಆಗಿದೆ, ಏನು ಗೊತ್ತಾಯಿತು ಅನ್ನೋದು ಆ ಅಂಕಿಯ ಒಳಗೆ ಕಾಣಲ್ಲ. ಎಣಿಕೆ ಇದೆ, ಕಾರಣ ಇಲ್ಲ. 2005ರಿಂದ ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ, ತಾಯಿ ಕಾರ್ಡು ಎಲ್ಲ ಬಂದು ಹೆರಿಗೆ ಆಸ್ಪತ್ರೆಗೆ ಬಂತು. ದೊಡ್ಡ ಗೆಲುವು, ಎರಡು ಮಾತಿಲ್ಲ. ಆದರೆ ಅವುಗಳ ಕಣ್ಣೆಲ್ಲ ಹೆರಿಗೆಯ ಕಡೆಗೇ. ಹೆರಿಗೆಯವರೆಗೆ ಬಾರದವಳು ಮನೆಗೆ ಹೋಗಿ ಮುಂದಿನ ಬಸಿರಿಗೆ ಕಾಯ್ತಾಳೆ. ಪರೀಕ್ಷೆಗಳು ಆಗಬೇಕಾದ್ದು ಆ ನಡುವಿನ ತಿಂಗಳುಗಳಲ್ಲಿ!

ಎಲ್ಲ ಪರೀಕ್ಷೆ ಮಾಡಿದರೂ ಸುಮಾರು ಅರ್ಧ ಜನಕ್ಕೆ ಕಾರಣ ಸಿಗಲ್ಲ. ಹಾಗಾದ್ರೆ ಹೋಗಿ ಏನು ಪ್ರಯೋಜನ ಅಂತೀರಾ? 1984ರಲ್ಲಿ ನಾರ್ವೆಯ ಸ್ಟ್ರೇ-ಪೆಡರ್ಸನ್ ದಂಪತಿ ಇಂಥ ಹೆಂಗಸರ ಬಗ್ಗೆ ಬರೆದರು. ವಾರವಾರ ಕರೆದು ನೋಡಿ, ಮಾತಾಡಿಸಿ, ಧೈರ್ಯ ಹೇಳಿದವರಲ್ಲಿ ನೂರಕ್ಕೆ 86 ಜನಕ್ಕೆ ಮಗು ಉಳಿದಿತ್ತು. ವಿಶೇಷ ಆರೈಕೆ ಇಲ್ಲದವರಲ್ಲಿ 33. ಚಿಕ್ಕ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಅದನ್ನೇ ನಂಬಿ ಕೂರುವ ಹಾಗಿಲ್ಲ. ಆದರೆ ಇವತ್ತಿಗೂ ಜಗತ್ತಿನ ದೊಡ್ಡ ಆಸ್ಪತ್ರೆಗಳು ಇಂಥವರಿಗೇ ಅಂತ ಬೇರೆ ಕ್ಲಿನಿಕ್ ನಡೆಸ್ತವೆ. ಧೈರ್ಯಕ್ಕೆ ಅಡ್ಡ ಪರಿಣಾಮ ಇಲ್ಲವಲ್ಲ.

ವಾರಕ್ಕೊಂದು ಸಲ. ಪಾಲಾರಿನಿಂದ ಬೆಟ್ಟ ಹತ್ತಿ ಇಳಿದು, ಬಸ್ಸಿನ ಕುಲುಕಾಟದಲ್ಲಿ, ಕೂಲಿ ಬಿಟ್ಟು ಬರುವ ಗಂಡನ ಜೊತೆ... ವಾರಕ್ಕೊಂದು ಸಲ ಅಂದ್ರೆ ಏನು ಅಂತ ಲೆಕ್ಕ ಹಾಕಿ. ಹಾಗಾಗಿ ಪ್ರಶ್ನೆ ಕೇಳುವ ಕೆಲಸ ಹತ್ತಿರದಲ್ಲೇ ಶುರುವಾಗಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎರಡನೇ ಸಲ ಗರ್ಭ ಹೋದಾಗಲೇ ತಿಂಗಳು, ದಿನ, ಸ್ಕ್ಯಾನಿನಲ್ಲಿ ಕಂಡದ್ದು ಇಷ್ಟನ್ನು ಬರೆದು, ಥೈರಾಯ್ಡ್, ಸಕ್ಕರೆ, ಸಿಕಲ್ ಸೆಲ್ ನೋಡಿ, ಒಂದು ಚೀಟಿಯ ಜೊತೆ ಮೈಸೂರಿಗೆ ಕಳಿಸಿದರೆ ಅರ್ಧ ಓಡಾಟ ಉಳಿಯುತ್ತೆ. ಯೂರೋಪಿನ ತಜ್ಞರು 2017ರಿಂದ ಎರಡೇ ಸಲಕ್ಕೆ ಪರೀಕ್ಷೆ ಶುರುಮಾಡಿ ಅಂತಿದಾರೆ. ಮೂರನೆಯದಕ್ಕೆ ಕಾಯುವ ಅಗತ್ಯ ನಮ್ಮವರಿಗೆ ಯಾಕೆ?

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥವರು ಯಾರಾದರೂ ಇದ್ದರೆ "ಹರಕೆ ಹೊತ್ಕೊ" ಅನ್ನೋದರ ಜೊತೆಗೆ, ಹಳೇ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಡಿ. ಮಾದಪ್ಪ ಬೇಡ ಅನ್ನಲ್ಲ.