ಕೈಯಳತೆಯ ದೂರ

ನಮ್ಮ ಸಾಸ್ವೆಹಳ್ಳಿ ಕಡೆ ಏನಾದರೂ ಕೈಯಳತೆಯಲ್ಲಿದೆ ಅಂದರೆ ಪಕ್ಕದಲ್ಲೇ ಇದೆ, ಕೈ ಚಾಚಿದರೆ ಸಿಗುತ್ತೆ ಅಂತ ಅರ್ಥ. ಇಂಗ್ಲಿಷಿನವರ ಆಡಳಿತದ ಭಾಷೆಯಲ್ಲಿ ಇದು ಪೂರಾ ಉಲ್ಟಾ. ಒಂದು ಕಂಪನಿಯನ್ನು ಸರ್ಕಾರ 'ತೋಳಿನಳತೆಯ ದೂರ'ದಲ್ಲಿ ಇಟ್ಟಿದೆ ಅಂದರೆ, ಅದು ನಮ್ಮದೇ, ಆದರೆ ಅದರ ಉಸಾಬರಿ ನಮಗೆ ಬೇಡ ಅಂತ! ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಹಗರಣದ ಬಗ್ಗೆ ಓದುತ್ತಾ ಹೋದಂತೆ ಕಂಪ್ಯೂಟರಿನ ತಪ್ಪಿಗಿಂತ ಈ ದೂರವೇ ನನ್ನನ್ನು ಹೆಚ್ಚು ಕಾಡಿತು.

ಈ ದೂರ ಒಂದೇ ದಿನ ಹುಟ್ಟಿದ್ದಲ್ಲ. 1969ರವರೆಗೆ ಬ್ರಿಟನ್ನಿನ ಅಂಚೆ ಒಂದು ಸರ್ಕಾರಿ ಇಲಾಖೆ. ಪೋಸ್ಟ್‌ಮಾಸ್ಟರ್ ಜನರಲ್ ಅಂದರೆ ಒಬ್ಬ ಮಂತ್ರಿ, ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದವನು. 1969ರಲ್ಲಿ ಅದು ನಿಗಮವಾಯಿತು, 2001ರಲ್ಲಿ ಕಂಪನಿಯಾಯಿತು. 2012ರಲ್ಲಿ ಅಂಚೆ ಕಚೇರಿಗಳ ಕಂಪನಿ ರಾಯಲ್ ಮೇಲ್‌ನಿಂದ ಬೇರೆಯಾಯಿತು. ಗೇಣು, ಮೊಳ, ಮಾರು ಅಂತ ಮಂತ್ರಿ ಹಿಂದೆ ಸರಿಯುತ್ತಲೇ ಹೋದ. ಷೇರುಗಳು ಮಾತ್ರ ಅಷ್ಟೂ ಸರ್ಕಾರದ ಕೈಯಲ್ಲೇ ಉಳಿದವು. (ನಮ್ಮ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಗಿ, 2002ರಲ್ಲಿ ಬೆಸ್ಕಾಂ ಇತ್ಯಾದಿ ಹುಟ್ಟಿದ್ದು ನೆನಪಾಯಿತು. ಅದು ಬೇರೆಯೇ ಪುರಾಣ, ಇರಲಿ ಬಿಡಿ.)

ತಮಾಷೆ ಅಂದರೆ, ಹೊರೈಜನ್ ಹುಟ್ಟುವಾಗ ಸರ್ಕಾರ ಎಳ್ಳಷ್ಟೂ ದೂರ ಇರಲಿಲ್ಲ. ಪಿಂಚಣಿ, ಭತ್ಯೆಗಳನ್ನು ಕಾರ್ಡಿನ ಮೂಲಕ ಕೊಡಲು ಅಂತ 1996ರಲ್ಲಿ ಐಸಿಎಲ್ ಜೊತೆ ಗುತ್ತಿಗೆ ಆಗಿತ್ತು (ಈ ಐಸಿಎಲ್ ಆಮೇಲೆ ಹೆಸರು ಬದಲಿಸಿ ಫುಜಿತ್ಸು ಆಯಿತು). ಕೆಲಸ ತಡವಾಗಿ, ಭತ್ಯೆ ಇಲಾಖೆ ಹಿಂದೆ ಸರಿದಾಗ, ಕಾರ್ಡ್ ಬಿಟ್ಟು ಮಿಕ್ಕಿದ್ದನ್ನು ಮುಂದುವರಿಸೋಣ ಅಂತ 1999ರಲ್ಲಿ ತೀರ್ಮಾನವಾಗಿದ್ದು ಮಂತ್ರಿಗಳ ಮಟ್ಟದಲ್ಲೇ.

ಆಮೇಲೆ ಶುರುವಾಯಿತು ನೋಡಿ. ಅಲ್ಲಿನ ಸಬ್ ಪೋಸ್ಟ್‌ಮಾಸ್ಟರ್ ನೌಕರನಲ್ಲ, ಗುತ್ತಿಗೆಯವನು. ಸ್ವಂತ ಅಂಗಡಿಯ ಮೂಲೆಯಲ್ಲೊಂದು ಅಂಚೆ ಕೌಂಟರ್. ಸಂಜೆ ಲೆಕ್ಕ ಮಾಡಿದರೆ ಗಲ್ಲಾದಲ್ಲಿರುವ ದುಡ್ಡಿಗೂ ಪರದೆ ಮೇಲಿನ ಅಂಕಿಗೂ ತಾಳೆ ಆಗದು. ಕಡಿಮೆ ಬಿದ್ದದ್ದನ್ನು ನೀನೇ ತುಂಬು ಎನ್ನುತ್ತಿತ್ತು ಕಂಪನಿ. ಒಡವೆ ಮಾರಿ ತುಂಬಿದವರಿದ್ದಾರೆ, ಮನೆ ಕಳೆದುಕೊಂಡವರಿದ್ದಾರೆ. ತುಂಬಲಾಗದವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಕೇಸು. ಕೇಸು ಹಾಕಲು ಪೊಲೀಸರೂ ಬೇಡ, ಆ ಅಧಿಕಾರ ಕಂಪನಿಗೇ ಇತ್ತು! 1999ರಿಂದ 2015ರೊಳಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು, ಅವರಲ್ಲಿ ಸುಮಾರು 700 ಮಂದಿಯ ಮೇಲೆ ಕೇಸು ನಡೆಸಿದ್ದು ಖುದ್ದು ಅಂಚೆ ಕಂಪನಿ.

ವೇಲ್ಸಿನ ಅಲನ್ ಬೇಟ್ಸ್ ಎಂಬಾತ ತುಂಬಲ್ಲ ಅಂತ ಪಟ್ಟು ಹಿಡಿದರು, 2003ರಲ್ಲಿ ಗುತ್ತಿಗೆ ಕಳೆದುಕೊಂಡರು. 2009ರಲ್ಲಿ ತನ್ನಂಥವರನ್ನು ಸೇರಿಸಿ ಸಂಘ ಕಟ್ಟಿದರು. 2010ರ ಮೇ ತಿಂಗಳಲ್ಲಿ ಅಂಚೆ ವ್ಯವಹಾರದ ಮಂತ್ರಿ ಎಡ್ ಡೇವಿಯವರಿಗೆ ಪತ್ರ ಬರೆದು ಭೇಟಿ ಕೇಳಿದರು. ಬಂದ ಉತ್ತರದ ಸಾರ ಇಷ್ಟು: ಕಂಪನಿಯಿಂದ ನಾವು ದೂರ ಇದ್ದೇವೆ, ಭೇಟಿಯಿಂದ ಪ್ರಯೋಜನವಿಲ್ಲ. ಬೇಟ್ಸ್ ಸುಮ್ಮನಾಗಲಿಲ್ಲ. ನೂರಕ್ಕೆ ನೂರು ಷೇರು ನಿಮ್ಮದು, ನಿಮ್ಮದೇ ವ್ಯಾಪಾರ ನ್ಯಾಯವಾಗಿ ನಡೀತಿದೆಯಾ ಅಂತ ನೋಡೋದು ಮಾಲೀಕರ ಕೆಲಸ ಅಲ್ಲವಾ ಅಂತ ಮರುಪತ್ರ ಹಾಕಿದರು. ಅಕ್ಟೋಬರಿನಲ್ಲಿ ಭೇಟಿಯೇನೋ ಆಯಿತು. ಮರು ತಿಂಗಳೇ, ನವೆಂಬರ್ 11ರಂದು, ಭಾರತ ಮೂಲದ ಸೀಮಾ ಮಿಶ್ರಾ ಎಂಬ ಸಬ್ ಪೋಸ್ಟ್‌ಮಾಸ್ಟರ್‌ಗೆ 15 ತಿಂಗಳ ಜೈಲು ಶಿಕ್ಷೆಯಾಯಿತು. ಆಗ ಆಕೆ ಎರಡು ತಿಂಗಳ ಗರ್ಭಿಣಿ. ಅವತ್ತು ದೊಡ್ಡ ಮಗನ ಹತ್ತನೇ ಹುಟ್ಟುಹಬ್ಬ.

ಮಂತ್ರಿಗೆ ಹೋದ ದೂರುಗಳು ಏನಾಗುತ್ತಿದ್ದವು? ಅಧಿಕಾರಿಗಳು ಅದನ್ನು ಕಂಪನಿಗೇ ಕಳಿಸುತ್ತಿದ್ದರು. ಹೊರೈಜನ್ ಗಟ್ಟಿಯಾಗಿದೆ ಅಂತ ಕಂಪನಿ ಹೇಳುತ್ತಿತ್ತು, ಅದನ್ನೇ ಆಧರಿಸಿ ಮಂತ್ರಿಯ ಸಹಿಯಲ್ಲಿ ಉತ್ತರ ಬರುತ್ತಿತ್ತು. ಅಪ್ಪನಿಗೆ ದೂರು ಕೊಟ್ಟರೆ ಮಗನ ಕೈಲೇ ಜವಾಬು ಬರೆಸಿದ ಹಾಗೆ. 2012ರಿಂದ ಕಂಪನಿಯ ಬೋರ್ಡಿನಲ್ಲಿ ಸರ್ಕಾರದ ಪ್ರತಿನಿಧಿಯೊಬ್ಬರು ಕೂರುತ್ತಿದ್ದರು ಅನ್ನೋದನ್ನೂ ಗಮನಿಸಿ! ಸ್ವತಂತ್ರ ತನಿಖೆಗಾರರಾದ ಸೆಕೆಂಡ್ ಸೈಟ್‌ನವರು 2013ರ ಮಧ್ಯಂತರ ವರದಿಯಲ್ಲಿ ದೋಷಗಳನ್ನು ದಾಖಲಿಸಿದ್ದರು. ಆದರೂ ಇಡೀ ವ್ಯವಸ್ಥೆಯಲ್ಲಿ ದೋಷವಿರುವುದಕ್ಕೆ ಸಾಕ್ಷ್ಯವಿಲ್ಲ ಎಂಬ ಮಾತೇ ಆಗಿನ ಮಂತ್ರಿ ಜೋ ಸ್ವಿನ್ಸನ್ ಬಾಯಲ್ಲಿ ಪಾರ್ಲಿಮೆಂಟಿನಲ್ಲಿ ಮುಂದೆ ಬಂತು. ನಮಗೆ ಸುಳ್ಳು ಹೇಳಿದರು ಅಂತ ಡೇವಿ 2024ರಲ್ಲಿ ಹೇಳಿದರು. ಹೇಳಿರಬಹುದು, ನಾನು ಅಲ್ಲಗಳೆಯಲ್ಲ. ಆದರೆ ಎದುರು ಪಕ್ಷದವನು ದಾಖಲೆ ಹಿಡಿದು ಬಾಗಿಲಲ್ಲಿ ನಿಂತಿದ್ದನಲ್ಲ?

ಕೊನೆಗೆ ಬೇಟ್ಸ್ ಮತ್ತು ಇತರ 554 ಜನ ಕೋರ್ಟಿಗೆ ಹೋದರು. ಸರ್ಕಾರಿ ಕಂಪನಿ ಸರ್ಕಾರದ ದುಡ್ಡಲ್ಲೇ ಅವರ ವಿರುದ್ಧ ಹೋರಾಡಿತು. 2019ರ ಡಿಸೆಂಬರಿನಲ್ಲಿ 5.775 ಕೋಟಿ ಪೌಂಡಿಗೆ ರಾಜಿ ಆಯಿತು. ವಕೀಲರು, ಸಾಲ ಕೊಟ್ಟವರು ಎಲ್ಲ ಕಳೆದು ಅವರ ಪಾಲಿಗೆ ಉಳಿದದ್ದು ಸುಮಾರು 1.2 ಕೋಟಿ. ಅದೇ ತಿಂಗಳು ನ್ಯಾಯಮೂರ್ತಿ ಫ್ರೇಜರ್ ತೀರ್ಪು ಬಂತು: ಹೊರೈಜನ್‌ನಲ್ಲಿ ದೋಷಗಳಿದ್ದವು, ಸಬ್ ಪೋಸ್ಟ್‌ಮಾಸ್ಟರಿಗೆ ಗೊತ್ತಿಲ್ಲದೆ ದೂರದಿಂದಲೇ ಅವನ ಲೆಕ್ಕಕ್ಕೆ ಕೈ ಹಾಕಲು ಫುಜಿತ್ಸುಗೆ ಸಾಧ್ಯವಿತ್ತು. ಸೀಮಾ ಅವರ ಶಿಕ್ಷೆ ರದ್ದಾದದ್ದು 2021ರ ಏಪ್ರಿಲ್ 23ರಂದು. ಮಿಕ್ಕವರಿಗೆ 2024ರ ಜನವರಿಯಲ್ಲಿ ಐಟಿವಿಯ ಧಾರಾವಾಹಿ ಬರಬೇಕಾಯಿತು! ಅದೇ ಮೇ ತಿಂಗಳಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೇ ಅಳಿಸಿತು. 2025ರ ಹೊತ್ತಿಗೆ ಪರಿಹಾರದ ಮೊತ್ತ 100 ಕೋಟಿ ಪೌಂಡ್ ದಾಟಿತ್ತು, ಅದೂ ಖಜಾನೆಯಿಂದ. ಕನಿಷ್ಠ 13 ಜನ ಇದೇ ಕಾರಣಕ್ಕೆ ಜೀವ ಕಳೆದುಕೊಂಡಿರಬಹುದು ಅಂತ ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ವರದಿ 2025ರ ಜುಲೈನಲ್ಲಿ ಹೇಳಿತು.

ನಮ್ಮ ಹಳ್ಳಿಗಳ ಬ್ರಾಂಚ್ ಪೋಸ್ಟ್‌ಮಾಸ್ಟರ್ ಕೂಡ ಗ್ರಾಮೀಣ ಡಾಕ್ ಸೇವಕ, ಪೂರ್ಣ ನೌಕರನಲ್ಲ. ಅವನ ಕೈಗೂ ಯಂತ್ರ ಬಂದು ವರ್ಷಗಳಾದವು. 2025ರಲ್ಲಿ ದೇಶಕ್ಕೆಲ್ಲ ಬಂದ ಹೊಸ ತಂತ್ರಾಂಶ ತಯಾರಾಗಿದ್ದು ನಮ್ಮ ಮೈಸೂರಿನಲ್ಲಿ, ಅಂಚೆ ಇಲಾಖೆಯದ್ದೇ ಕೇಂದ್ರದಲ್ಲಿ. ವ್ಯತ್ಯಾಸ ಇಷ್ಟೇ, ನಮ್ಮ ಅಂಚೆ ಇನ್ನೂ ಇಲಾಖೆಯಾಗಿಯೇ ಇದೆ, ಲೋಕಸಭೆಯಲ್ಲಿ ಕೇಳಿದರೆ ಮಂತ್ರಿಯೇ ಉತ್ತರಿಸಬೇಕು. ಇನ್ನೊಂದು ವ್ಯತ್ಯಾಸ ಸಾಕ್ಷ್ಯದ ಕಾನೂನಿನದು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕು ಎಂಬ ನಿಯಮವನ್ನು ನಾವು 2000ದಲ್ಲಿ 65ಬಿ ಕಲಮಾಗಿ ಸೇರಿಸಿಕೊಂಡೆವು, ಇಂಗ್ಲೆಂಡಿನ ಹಳೇ ಕಾನೂನು ನೋಡಿಕೊಂಡೇ. ಅದೇ ವರ್ಷ ಇಂಗ್ಲೆಂಡು ತನ್ನ ಕ್ರಿಮಿನಲ್ ಕೋರ್ಟುಗಳಲ್ಲಿ ಅಂಥದ್ದೇ ನಿಯಮವನ್ನು ಕೈಬಿಟ್ಟಿತು. ಅಲ್ಲಿಂದಾಚೆ ಯಂತ್ರ ಸರಿ ಅಂತಲೇ ನಂಬಿಕೆ, ತಪ್ಪು ಅಂತ ತೋರಿಸುವ ಭಾರ ಅಂಗಡಿಯವನ ಮೇಲೆ. ಆ ನಂಬಿಕೆಯನ್ನು ಬದಲಿಸಬೇಕೇ ಅಂತ ಅಲ್ಲಿನ ನ್ಯಾಯ ಇಲಾಖೆ ಜನರ ಅಭಿಪ್ರಾಯ ಕೇಳಿದ್ದು 2025ರ ಜನವರಿಯಲ್ಲಿ.